ಮುಚ್ಚಳ ಎಲ್ಲಿದೆ

ಮೊದಲು ಸುಳಿವು ಕೊಟ್ಟದ್ದು ಹುಲ್ಲು.
ಜುಲೈ ಬಿಸಿಲಿಗೆ ಹಿತ್ತಲೆಲ್ಲ ಒಣಗಿ ಗೋಣಿಚೀಲದ ಬಣ್ಣ,
ಲೈಲಾಕ್ ಗಿಡದ ಈಚೆ, ಒಂದು ಮಂಚದಗಲ ಮಾತ್ರ
ನಾಚಿಕೆಯಿಲ್ಲದ ಹಸಿರು.
ನಾನು ಮೆಚ್ಚಿ ಫೋಟೊ ಬೇರೆ ತೆಗೆದಿದ್ದೆ.

ಆಮೇಲೆ ಬಚ್ಚಲು ಗೊಳಗೊಳ ಎಂದಿತು.
ಇಳಿದ ನೀರು ಅರ್ಧ ದಾರಿಯಲ್ಲಿ ಯೋಚಿಸಿ
ವಾಪಸು ಬಂತು.

ಮೇನ್ ಸೀಮೆಯ ಈ ಹಳ್ಳಿಯಲ್ಲಿ ಒಳಚರಂಡಿಯಿಲ್ಲ,
ಅವರವರದು ಅವರವರ ಹಿತ್ತಲಲ್ಲೇ.
ಮನೆ ಮಾರಿದ ಮುದುಕಿ ಲಕೋಟೆಯ ಬೆನ್ನಿಗೆ
ನಕ್ಷೆ ಬರೆದುಕೊಟ್ಟಿದ್ದಳು:
ಸೇಬಿನ ಮರದಿಂದ ಹದಿನಾಲ್ಕು ಹೆಜ್ಜೆ.
ಮರ ಯಾವುದೋ ಚಳಿಗಾಲದಲ್ಲಿ ಸತ್ತಿದೆ.
ಹೆಜ್ಜೆ ಅವಳದೋ, ಅವಳ ಗಂಡನದೋ.

ಆರ್ಮಾಂಡ್ ಪೆಲ್ಟಿಯೇ ಬಂದ, ಎಪ್ಪತ್ತರ ಆಸುಪಾಸು,
ಕೈಯಲ್ಲೊಂದು ಕಬ್ಬಿಣದ ಸಲಾಕಿ.
ಚುಚ್ಚುವುದು, ಕಿವಿಗೊಡುವುದು, ಹೆಜ್ಜೆ ಸರಿಯುವುದು,
ಹೊಟ್ಟೆ ತಟ್ಟಿ ನೋಡುವ ಹಳೇ ಡಾಕ್ಟರ ಹಾಗೆ.
ಠಣ್.
ಮಣ್ಣು ಸರಿಸಿದರೆ ಮುಚ್ಚಳಕ್ಕೆ ಟ್ರ್ಯಾಕ್ಟರ್ ಸರಪಳಿಯ ತುಂಡಿನ ಹಿಡಿಕೆ.
'ಇದನ್ನ ಹೂಳಿದ್ದು ನಮ್ಮಪ್ಪ,' ಎಂದ,
ರುಜು ಗುರುತು ಹಿಡಿದವನಂತೆ.

ಅರವತ್ತೆಂಟರ ಉಕ್ಕಿನ ತೊಟ್ಟಿ, ತುಕ್ಕು ತಿಂದು ಜರಡಿ.
ಪೈಪಿನೊಳಗೆ ಲೈಲಾಕ್ ಬೇರು
ಬಾಚದೆ ಬಿಟ್ಟ ಜಡೆ.
(ಮೇ ತಿಂಗಳ ಆ ಘಮ ಎಲ್ಲಿಂದ ಬರುತ್ತಿತ್ತೆಂದು ಈಗ ತಿಳಿಯಿತು.)

ನಾನು ಇಣುಕಲು ಬಗ್ಗಿದೆ. ತೋಳು ಹಿಡಿದು ಹಿಂದಕ್ಕೆಳೆದ.
'ಬೇಡ. ಫೋನು ಬಿದ್ದರೂ ಸರಿ, ನಾಯಿ ಬಿದ್ದರೂ ಸರಿ,
ಯಾರೂ ಇಳಿಯೋ ಹಾಗಿಲ್ಲ. ಗಾಳಿ ಇಲ್ಲ ಅಲ್ಲಿ.
ಒಬ್ಬ ಇಳೀತಾನೆ, ಅವನನ್ನ ಎತ್ತೋಕೆ ಇನ್ನೊಬ್ಬ.
ಯಾವಾಗಲೂ ಎರಡು ಹೆಣ.
ಇದು ಕಾಯ್ದೆ ಅಲ್ಲ, ಲೆಕ್ಕ.'

ನಾನು ತಲೆಯಾಡಿಸಿದೆ.

ನಮ್ಮ ತಾತ ಅಂಜಿನಪ್ಪ ಇಳಿಯುತ್ತಿದ್ದ.
ಬಂಗಾರಪೇಟೆಯಲ್ಲಿ, ಸೊಂಟಕ್ಕೆ ಪುರಸಭೆಯ ಹಗ್ಗ,
ಮೈಗೆಲ್ಲ ಹರಳೆಣ್ಣೆ,
ಬೆಳಿಗ್ಗೆ ಏಳಕ್ಕೇ ಒಂದು ಕ್ವಾರ್ಟರ್ ಹೊಟ್ಟೆಯಲ್ಲಿ.
ಸಂಜೆ ನಮ್ಮನ್ನು ಮುಟ್ಟುವ ಮುಂಚೆ
ಕೈ ಮೂಸಿ ನೋಡಿಕೊಳ್ಳುತ್ತಿದ್ದ.
ಸ್ಕೂಲಿನ ಅರ್ಜಿಯಲ್ಲಿ ಅಮ್ಮ 'ಪುರಸಭೆ ನೌಕರರು' ಎಂದು ಬರೆದಳು.
ನಾನು ಮದುವೆಯ ಮಾತಿನಲ್ಲಿ ಇನ್ನೊಂದು ಸುತ್ತು ತೊಳೆದು
'ನೀರು ಸರಬರಾಜು' ಅಂದೆ.
ಹತ್ತೊಂಬತ್ತು ವರ್ಷದಿಂದ ಗಂಡನಿಗೆ ತಾತ ನೀರು ಸರಬರಾಜು.

ಪೆಲ್ಟಿಯೇನ ಲಾರಿ ಬಾಗಿಲಿಗೆ ಮೊಳದುದ್ದದ ಹಳದಿ ಅಕ್ಷರ:
ಪೆಲ್ಟಿಯೇ ಮತ್ತು ಮಕ್ಕಳು.
ಮಳೆಗೆ ಮಾಸಿದಾಗೆಲ್ಲ ಮೊಮ್ಮಗಳು ಬಣ್ಣ ತೀಡುತ್ತಾಳಂತೆ.

ಲಾರಿ ಹಳತನ್ನೆಲ್ಲ ಹೀರಿಕೊಂಡು ಹೋಯಿತು.
ಯಂತ್ರ ತೊಟ್ಟಿಯನ್ನು ಡಬ್ಬಿಯಂತೆ ಹಿಸುಕಿತು.
ಮೂರನೆಯ ದಿನ ಕಾಂಕ್ರೀಟಿನ ಹೊಸ ತೊಟ್ಟಿ
ಸರಪಳಿಯಲ್ಲಿ ತೂಗುತ್ತ ಬಂದಾಗ
ಪಕ್ಕದ ಮನೆಯವರು ಕುರ್ಚಿ ಹಾಕಿಕೊಂಡು ನೋಡಿದರು.
ಮರಳು, ಜಲ್ಲಿ, ತೂತಿನ ಪೈಪು, ಮತ್ತೆ ಮಣ್ಣು.
ಮೂವತ್ತೊಂದು ಸಾವಿರ ಡಾಲರ್.
'ಅಡುಗೆಮನೆ ಹೊಸದಾಗಿ ಮಾಡಿಸಬಹುದಿತ್ತು,' ಎಂದ ಗಂಡ,
ತಿನ್ನುವುದಷ್ಟೇ ಖರ್ಚಿಗೆ ಯೋಗ್ಯ ಎಂಬಂತೆ.

ಮಧ್ಯಾಹ್ನ ಪೆಲ್ಟಿಯೇ ಗುಂಡಿಯಂಚಿನಲ್ಲೇ ಕೂತು,
ಕೈ ತೊಳೆದು, ಡಬ್ಬಿ ಬಿಚ್ಚಿ,
ಹೆಂಡತಿ ಮಾಡಿದ ಜೋನಿಬೆಲ್ಲದ ಬಿಸ್ಕತ್ತು ನೀಡಿದ.
ತೆಗೆದುಕೊಂಡೆ.
ಒಂದು ಕ್ಷಣ ತಡವಾಗಿ ತೆಗೆದುಕೊಂಡೆ.
ನಾನು. ಅಂಜಿನಪ್ಪನ ಮೊಮ್ಮಗಳು.

ಹೊರಡುವಾಗ ಬುದ್ಧಿ ಹೇಳಿದ: 'ನಕ್ಷೆ ಬರೆದಿಡಿ.
ಮರದಿಂದ ಅಳೀಬೇಡಿ, ಮರ ಸಾಯುತ್ತೆ.
ಮನೆಯ ಎರಡು ಮೂಲೆಯಿಂದ ಅಳೀರಿ.'

ಸಂಜೆ ಟೇಪು ಹಿಡಿದೆವು.
ಅವನು ಈಶಾನ್ಯ ಮೂಲೆಯಲ್ಲಿ, ನಾನು ಮುಚ್ಚಳದ ಮೇಲೆ.
ಗಾಳಿ ಎದ್ದು ಟೇಪು ಪಟಪಟ ಹೊಡೆದುಕೊಳ್ಳುತ್ತಿತ್ತು.
ನಾನು ಕೂಗಿದೆ: 'ನಮ್ಮ ತಾತ
ನೀರು ಸರಬರಾಜಲ್ಲಿ ಇರಲಿಲ್ಲ!'

ಅವನು ಕಿವಿಗೆ ಕೈ ಒಡ್ಡಿದ.
ಪೆನ್ಸಿಲ್ ಸಿದ್ಧವಾಗಿಟ್ಟುಕೊಂಡು,
'ಏನು? ಎಷ್ಟಡಿ ಅಂದೆ?'